ನಿಂತ ಜೀಪಿನ ಹೊಗೆ, ಮನೆಯೊಳಗಿನ ಕೆಮ್ಮು

ಕಳಸದ ಕಡೆಯ ಗೃಹಿಣಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಯಜಮಾನರು ದಿನಾ ಬೆಳಿಗ್ಗೆ ಆರೂವರೆಗೆ ಪೋರ್ಟಿಕೋದಲ್ಲಿ ಜೀಪು ಸ್ಟಾರ್ಟ್ ಮಾಡಿ, ಅದನ್ನು ಹಾಗೆಯೇ ಓಡಲು ಬಿಟ್ಟು ಒಳಗೆ ಬರುತ್ತಾರೆ. ಕಾಫಿ ಕುಡಿದು, ಪೇಪರ್ ಮೇಲೆ ಕಣ್ಣಾಡಿಸಿ, ಕಾಲು ಗಂಟೆಯಾದ ಮೇಲೆ ತೋಟಕ್ಕೆ ಹೊರಡುತ್ತಾರೆ. "ಡೀಸೆಲ್ ಇಂಜಿನ್ ಚೆನ್ನಾಗಿ ಬಿಸಿಯಾಗದೆ ಹೊರಟರೆ ಹಾಳಾಗುತ್ತದೆ ಎನ್ನುತ್ತಾರೆ ನಮ್ಮ ಮನೆಯವರು. ಇದು ನಿಜವೇ? ಪೋರ್ಟಿಕೋ ಪಕ್ಕದ ಕೋಣೆಯಲ್ಲಿ ಮಲಗುವ ನಮ್ಮ ಚಿಕ್ಕ ಮಗ ಎದ್ದ ಕೂಡಲೇ ಕೆಮ್ಮಲು ಶುರುಮಾಡುತ್ತಾನೆ. ಎರಡಕ್ಕೂ ಸಂಬಂಧ ಇದೆಯೇ? ಎಕ್ಸ್‌ರೇ ತೆಗೆಸಬೇಕೇ?" ಎಂಬುದು ಅವರ ಪ್ರಶ್ನೆ.

ಮೊದಲನೆಯದು ಮೆಕ್ಯಾನಿಕ್‌ಗೆ ಕೇಳಬೇಕಾದ ಪ್ರಶ್ನೆ, ಉಳಿದವು ಮಾತ್ರ ಡಾಕ್ಟರಿಗೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂಜಿನ್ ಬಿಸಿಯಾಗಲೇಬೇಕು ಎಂಬ ನಂಬಿಕೆ ಸಡಿಲವಾಗದ ಹೊರತು ಆ ಮನೆಯ ಜೀಪು ಪೋರ್ಟಿಕೋ ಬಿಟ್ಟು ಕದಲುವುದಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೇ ನೋಡುವುದು ಒಳ್ಳೆಯದು.

ಈ ಪತ್ರ ಓದಿದಾಗ ನನಗೆ ನೆನಪಾದದ್ದು ಕೆಲವು ವರ್ಷಗಳ ಹಿಂದೆ ಬರುತ್ತಿದ್ದ ಏಳು ವರ್ಷದ ಹುಡುಗ. ನವೆಂಬರ್ ಬಂತೆಂದರೆ ಅವನಿಗೆ ಕೆಮ್ಮು, ಉಬ್ಬಸ. ಶಾಲೆಗೆ ಹೊರಡುವ ಹೊತ್ತಿಗೆ ಎದೆಯಲ್ಲಿ ಸುಯ್ ಸುಯ್ ಸದ್ದು, ಮಧ್ಯಾಹ್ನದ ಹೊತ್ತಿಗೆ ಎಷ್ಟೋ ವಾಸಿ. ಭಾನುವಾರ ಹೆಚ್ಚೇನೂ ಇರುತ್ತಿರಲಿಲ್ಲ. ಚಳಿ, ಮಂಜು, ಧೂಳು ಎಂದುಕೊಂಡು ಎರಡು ವರ್ಷ ನಾನು ಔಷಧಿ ಬರೆದುಕೊಟ್ಟೆ. ಭಾನುವಾರ ಏಕೆ ಇರುವುದಿಲ್ಲ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಒಮ್ಮೆ ಅವನ ಅಜ್ಜಿಯನ್ನು ನೋಡಲೆಂದು ಬೆಳಿಗ್ಗೆ ಏಳಕ್ಕೆ ಅವರ ಮನೆಗೆ ಹೋದಾಗ, ಹುಡುಗ ಮಲಗುವ ಕೋಣೆಯ ಕಿಟಕಿಯ ಕೆಳಗೇ ಹಳೆಯ ಡೀಸೆಲ್ ಜೀಪೊಂದು ಗುಡುಗುಡು ಎನ್ನುತ್ತ ನಿಂತಿತ್ತು. ಅದರ ಹೊಗೆ ಕೊಳವೆ ಗೋಡೆಯ ಕಡೆಗಿತ್ತು. ಡ್ರೈವರ್ ಅಡಿಗೆಮನೆ ಬಾಗಿಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಭಾನುವಾರ ಅವನಿಗೆ ರಜೆ!

ಇಂಜಿನ್‌ಗೆ ಎಷ್ಟು ಹೊತ್ತು ಬೇಕು?

ಡೀಸೆಲ್ ಇಂಜಿನ್‌ನಲ್ಲಿ ಪೆಟ್ರೋಲ್ ಇಂಜಿನ್‌ನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಅದರೊಳಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ. ಭಾರ ಎಳೆಯುತ್ತಿರುವಾಗ ಒಳಗಿನ ಶಾಖ ಚೆನ್ನಾಗಿರುತ್ತದೆ, ಡೀಸೆಲ್ ಪೂರ್ತಿಯಾಗಿ ಉರಿಯುತ್ತದೆ. ಸುಮ್ಮನೆ ನಿಂತು ಓಡುವಾಗ ಮಾಡಲು ಕೆಲಸವಿಲ್ಲ, ಶಾಖವೂ ಏರುವುದಿಲ್ಲ. ಹಸಿ ಸೌದೆ ಇಟ್ಟ ಒಲೆಯಂತೆ ಅರೆಬರೆ ಉರಿದು ಹೊಗೆಯಾಡುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಇಂಜೆಕ್ಟರ್ ತುದಿಯಲ್ಲಿ ಮಸಿ ಕಟ್ಟುತ್ತದೆ. ಒಟ್ಟಿನಲ್ಲಿ ಇಂಜಿನ್ ಕೆಡಬಾರದೆಂದು ಮಾಡುವ ಕೆಲಸವೇ ನಿಧಾನವಾಗಿ ಇಂಜಿನ್ ಕೆಡಿಸುತ್ತದೆ. ನಿಂತಲ್ಲಿ ಬಿಸಿಯಾಗುವುದಕ್ಕಿಂತ ಬೇಗ ಅದು ಮೆಲ್ಲಗೆ ಓಡಿಸಿದಾಗ ಬಿಸಿಯಾಗುತ್ತದೆ.

ಚಳಿಯ ಮಾತು ಹೇಳುವವರಿದ್ದಾರೆ. ಲಡಾಖ್‌ನಂಥ ಕಡೆ ಚಳಿಗಾಲದಲ್ಲಿ ಡೀಸೆಲ್ ಗಟ್ಟಿಯಾಗುವುದು ನಿಜ. ಅದಕ್ಕೆಂದೇ ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಬೇರೆ ಬಗೆಯ ಡೀಸೆಲ್ ಅನ್ನು ಅಲ್ಲಿಗೆ ಒದಗಿಸಲು ಆರಂಭಿಸಿತು. ಮೂಡಿಗೆರೆಯ ಚಳಿ ಅಂಥದ್ದಲ್ಲ. ನಮ್ಮ ಸ್ವೆಟರ್, ಮಂಕಿ ಟೋಪಿಯ ಚಳಿಗೂ ಇಂಜಿನ್ನಿನ ಚಳಿಗೂ ಬಹಳ ಅಂತರವಿದೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ಒತ್ತದೆ ಹೋದರೆ ಸಾಕು. ಟರ್ಬೊ ಇರುವ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದರೆ ಆಫ್ ಮಾಡುವ ಮೊದಲು ಒಂದೆರಡು ನಿಮಿಷ ಓಡಲು ಬಿಡಬೇಕು. ಅದು ಸರಿಯಾದ ಅಭ್ಯಾಸವೇ.

ನಿಜವಾಗಿ ಹೆಚ್ಚು ಹೊತ್ತು ಬೇಕಾಗುವುದು ಏರ್ ಬ್ರೇಕ್ ಇರುವ ಬಸ್ಸು, ಲಾರಿಗಳಿಗೆ. ಬ್ರೇಕಿನ ಗಾಳಿಯ ಒತ್ತಡ ಏರುವವರೆಗೆ ಅವು ಹೊರಡುವಂತಿಲ್ಲ, ಹೊರಡಲೂಬಾರದು. ಊರಿನಲ್ಲಿ ರಾತ್ರಿ ಉಳಿಯುವ ಬಸ್ಸಿನ ಡ್ರೈವರ್ ಬೆಳಗಿನ ಜಾವ ಇಂಜಿನ್ ಓಡಿಸಿದರೆ ಅವರ ಮೇಲೆ ಸಿಟ್ಟಾಗಬೇಡಿ. ಬಸ್ಸಿನ ಹಿಂಭಾಗ ಯಾರ ಮನೆಯ ಕಿಟಕಿಗೂ ಎದುರಾಗದಂತೆ ನಿಲ್ಲಿಸಿ ಎಂದು ರಾತ್ರಿಯೇ ಕೇಳಿಕೊಂಡರೆ ಸಾಕು. ಹೆಚ್ಚಿನವರು ಒಪ್ಪುತ್ತಾರೆ.

ಇನ್ನು ಬ್ಯಾಟರಿಯ ಮಾತು. ತೋಟದ ಹಳೆಯ ಜೀಪುಗಳನ್ನು ಇಳಿಜಾರಿನಲ್ಲೇ ನಿಲ್ಲಿಸುವುದು, ಒಮ್ಮೆ ಸ್ಟಾರ್ಟ್ ಆದರೆ ಸಂಜೆವರೆಗೆ ಆಫ್ ಮಾಡದಿರುವುದು ನಮ್ಮಲ್ಲಿ ಹೊಸದೇನಲ್ಲ. ಸಂತೆಯಲ್ಲಿ ಸಾಮಾನು ಕೊಳ್ಳುವಾಗಲೂ ಜೀಪು ಓಡುತ್ತಲೇ ಇರುತ್ತದೆ. ಇದು ಇಂಜಿನ್ನಿನ ಮೇಲಿನ ಪ್ರೀತಿಯಲ್ಲ, ಬ್ಯಾಟರಿಯ ಮೇಲಿನ ಅಪನಂಬಿಕೆ. ನಿಂತು ಓಡುವ ಜೀಪು ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಡೀಸೆಲ್ ಕುಡಿಯುತ್ತದೆ. ದಿನಕ್ಕೆ ಕಾಲು ಗಂಟೆ ಎಂದರೂ ತಿಂಗಳಿಗೆ ನಾಲ್ಕೈದು ಲೀಟರ್. ಒಳ್ಳೆಯ ಬ್ಯಾಟರಿಯ ದುಡ್ಡು ಅಲ್ಲಿಯೇ ಹುಟ್ಟುತ್ತದೆ. ಅಂದಹಾಗೆ, ರಸ್ತೆ ಬದಿಯಲ್ಲಿ ಇಂಜಿನ್ ಓಡುತ್ತಿರುವಂತೆಯೇ ಡ್ರೈವರ್ ಸೀಟು ಖಾಲಿ ಬಿಟ್ಟು ಹೋಗುವುದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಪ್ರಕಾರ ತಪ್ಪು ಕೂಡ ಹೌದು.

2020ರ ಏಪ್ರಿಲ್ ನಂತರ ಬಂದ ಬಿಎಸ್-6 ಡೀಸೆಲ್ ಗಾಡಿ ಇರುವವರಿಗೆ ಇನ್ನೊಂದು ಮಾತು. ಈ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಕೂಡಿಕೊಂಡ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಅದಕ್ಕೆ ಹೊಗೆ ಬಹಳ ಬಿಸಿಯಾಗಿರಬೇಕು. ನಿಂತು ಓಡುವ ಗಾಡಿಯಲ್ಲಿ ಆ ಶಾಖ ಸಿಗದೆ ಜಾಲರಿ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತದೆ, ಷೋರೂಮಿನವರ ಬಿಲ್ಲು ಬರುತ್ತದೆ.

ಹೊಗೆಯಲ್ಲಿ ಏನಿದೆ?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ಬಿಳಿ ಹೊಗೆ ಬಹುಪಾಲು ಉರಿಯದೆ ಆವಿಯಾದ ಡೀಸೆಲ್. ಕಣ್ಣು, ಮೂಗು ಉರಿಯುವುದು ಇದರಿಂದ. ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಮಸಿಯಾದ ಡೀಸೆಲ್. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ.

ಕಣ್ಣಿಗೆ ಕಾಣುವ ಈ ಬಣ್ಣಗಳಿಗಿಂತ ಕಾಣದ ಭಾಗ ದೇಹಕ್ಕೆ ಹೆಚ್ಚು ಕೆಟ್ಟದ್ದು. ಡೀಸೆಲ್ ಮಸಿಯ ಕಣಗಳಲ್ಲಿ ಹೆಚ್ಚಿನವು ತಲೆಗೂದಲಿನ ದಪ್ಪದ ಐವತ್ತರಲ್ಲೊಂದು ಭಾಗಕ್ಕಿಂತಲೂ ಸಣ್ಣವು. ಕಣದಲ್ಲಿ ಕಾಫಿ ಗುಡಿಸುವಾಗ ಏಳುವ ಧೂಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ತಡೆಯುತ್ತವೆ. ಈ ಮಸಿಯನ್ನು ತಡೆಯಲಾರವು. ಅದು ನೇರ ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಜೊತೆಗೆ ಸಾರಜನಕದ ಆಕ್ಸೈಡ್‌ಗಳಿರುತ್ತವೆ. ಇವು ಶ್ವಾಸನಾಳದ ಒಳಪದರವನ್ನು ಕೆರಳಿಸಿ, ಆಸ್ತಮಾ ಇರುವವರಲ್ಲಿ ನಾಳಗಳು ಬಿಗಿದುಕೊಳ್ಳುವಂತೆ ಮಾಡುತ್ತವೆ.

ಮಕ್ಕಳಿಗೆ ಇದು ಹೆಚ್ಚು ತಟ್ಟುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಗು ಉಸಿರಾಡುವ ಗಾಳಿ ದೊಡ್ಡವರಿಗಿಂತ ಹೆಚ್ಚು. ಎತ್ತರವೂ ಕಡಿಮೆ, ಜೀಪಿನ ಹಿಂದೆ ನಿಂತ ಐದು ವರ್ಷದ ಮಗುವಿನ ಮೂಗು ಹೊಗೆ ಕೊಳವೆಗೆ ಎಷ್ಟು ಹತ್ತಿರ ಎಂದು ಒಮ್ಮೆ ನೋಡಿ. ನಮ್ಮ ಕಣಿವೆಗಳಲ್ಲಿ ಚಳಿಗಾಲದ ಬೆಳಿಗ್ಗೆ ತಣ್ಣನೆಯ ಗಾಳಿ ಕೆಳಗೆ ಕೂತಿರುತ್ತದೆ. ಬಚ್ಚಲ ಒಲೆಯ ಹೊಗೆ ಮೇಲೇರದೆ ಹಂಚಿನ ಮಟ್ಟದಲ್ಲೇ ಹಾಸಿಕೊಂಡಿರುವುದನ್ನು ಎಲ್ಲರೂ ನೋಡಿದ್ದೇವೆ. ಜೀಪಿನ ಹೊಗೆಯೂ ಹಾಗೆಯೇ ಅಂಗಳದಲ್ಲಿ ನಿಲ್ಲುತ್ತದೆ.

ಕ್ಯಾನ್ಸರ್ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಡೀಸೆಲ್ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದಿತ್ತು. 2012ರ ಜೂನ್‌ನಲ್ಲಿ 'ಬಹುಶಃ' ಎಂಬುದನ್ನು ತೆಗೆದುಹಾಕಿ, ಮನುಷ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಉಂಟುಮಾಡುತ್ತದೆ ಎಂದೇ ಹೇಳಿತು. ಈ ತೀರ್ಮಾನಕ್ಕೆ ಮುಖ್ಯ ಆಧಾರಗಳಲ್ಲೊಂದು ಅಮೆರಿಕದ ಗಣಿಗಳ 12 ಸಾವಿರಕ್ಕೂ ಹೆಚ್ಚು ಕೆಲಸಗಾರರ ಅಧ್ಯಯನ. ಆದರೆ ಅವರಲ್ಲಿ ಹೆಚ್ಚು ಹೊಗೆ ಕುಡಿದವರು ನೆಲದಡಿಯಲ್ಲಿ ವರ್ಷಗಟ್ಟಲೆ ದುಡಿದವರು. ಪೋರ್ಟಿಕೋದ ಜೀಪಿನಿಂದ ಮಗನಿಗೆ ಕ್ಯಾನ್ಸರ್ ಬರುತ್ತದೆಂದು ತಾಯಂದಿರು ನಿದ್ದೆಗೆಡಬೇಕಾಗಿಲ್ಲ. ಕಾಫಿ ಕಾಲದುದ್ದಕ್ಕೂ ಪಲ್ಪರ್ ಮನೆಯ ಡೀಸೆಲ್ ಇಂಜಿನ್ ಪಕ್ಕದಲ್ಲಿ ನಿಲ್ಲುವ ಆಳಿನ ಬಗ್ಗೆ ಮಾತ್ರ ಸಾಹುಕಾರರು ಯೋಚಿಸಬೇಕು. ಸಂಜೆ ಹಣ್ಣು ಅಳೆದು ಮುಗಿಯುವವರೆಗೆ, ಮುಂದಿನ ಗಾಡಿ ಬರುವವರೆಗೆ ಎಂದು ಆ ಇಂಜಿನ್ ಕೆಲಸವಿಲ್ಲದೆ ಓಡುತ್ತಿರುತ್ತದೆ. ಹೊಗೆ ಕೊಳವೆಯನ್ನು ಮಾಡಿನಿಂದ ಮೇಲಕ್ಕೆ ಒಯ್ಯಲು ಖರ್ಚಾಗುವುದು ಒಂದು ಪೈಪು, ಒಂದು ದಿನದ ವೆಲ್ಡಿಂಗ್ ಕೂಲಿ.

ಮುಚ್ಚಿದ ಜಾಗ

ಇಲ್ಲಿಯವರೆಗೆ ಹೇಳಿದ್ದು ನಿಧಾನವಾಗಿ ಕೆಡುಕು ಮಾಡುವ ಹೊಗೆಯ ಕಥೆ. ಇನ್ನೊಂದು ಅನಿಲ ನಿಧಾನಿಸುವುದಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮನ್ನೂ ಬರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಟವೆಲ್ ಹಾಕಿ ಹಿಡಿದಿಟ್ಟರೆ ನಿಜವಾದ ಪ್ರಯಾಣಿಕರಿಗೆ ಜಾಗವಿಲ್ಲದಂತೆ, ಮಿದುಳು ಹೃದಯಗಳಿಗೆ ಆಮ್ಲಜನಕ ತಲುಪುವುದಿಲ್ಲ.

ಡೀಸೆಲ್ ಇಂಜಿನ್ ಪೆಟ್ರೋಲ್ ಇಂಜಿನ್‌ಗಿಂತ ಕಡಿಮೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ ಎಂಬುದು ನಿಜ. ಮನೆಬಳಕೆಯ ಸಣ್ಣ ಪೆಟ್ರೋಲ್, ಸೀಮೆಎಣ್ಣೆ ಜನರೇಟರ್‌ಗಳು ಬಹಳ ಹೆಚ್ಚು ಬಿಡುತ್ತವೆ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. ಬಾಗಿಲು ಹಾಕಿದ ಷೆಡ್ಡಿನಲ್ಲಿ, ಸರಿಯಾಗಿ ಉರಿಯದ ಹಳೆಯ ಇಂಜಿನ್ ಗಂಟೆಗಟ್ಟಲೆ ಓಡಿದರೆ ಅಪಾಯ ಖಂಡಿತ.

ನಮ್ಮ ಕಡೆ ಇದು ಹೆಚ್ಚಾಗಿ ಮಳೆಗಾಲದ ಪ್ರಶ್ನೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು, ಚಾರ್ಮಾಡಿ ರಸ್ತೆ ಮುಚ್ಚಿ, ಮೂಡಿಗೆರೆ, ಕಳಸದ ಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಅದಾದ ಮೇಲೆ ಮೆಸ್ಕಾಂ ನಂಬಿ ಕೂರಲಾಗದೆಂದು ಜನರೇಟರ್ ಕೊಂಡವರು ಬಹಳ. ಮಳೆ ನೀರು ತಾಗಬಾರದೆಂದು ಅದನ್ನು ಹಿಂದಿನ ಜಗುಲಿಯಲ್ಲೋ ಸೌದೆ ಕೊಟ್ಟಿಗೆಯಲ್ಲೋ ಇಟ್ಟು, ಇರಚಲು ಹೊಡೆಯದಂತೆ ತಾಡಪಾಲು ಕಟ್ಟುತ್ತಾರೆ. ಅಂಥದೇ ಒಂದು ಜುಲೈನಲ್ಲಿ ಒಂದು ಮನೆಯ ನಾಲ್ವರೂ ಒಟ್ಟಿಗೇ ನನ್ನಲ್ಲಿಗೆ ಬಂದರು. ಎಲ್ಲರಿಗೂ ತಲೆನೋವು, ವಾಕರಿಕೆ, ಕಾಲು ಸೋಲು. ಹಿಂದಿನ ರಾತ್ರಿಯ ಕಳಲೆ ಪಲ್ಯದ ಮೇಲೆ ಅವರ ಅನುಮಾನ. ಆದರೆ ಪಲ್ಯ ತಿನ್ನದ ಅಜ್ಜನಿಗೇ ಎಲ್ಲರಿಗಿಂತ ಜಾಸ್ತಿ ತಲೆನೋವು, ಭೇದಿ ಯಾರಿಗೂ ಇಲ್ಲ, ಜೀಪಿನಲ್ಲಿ ಬರುವಷ್ಟರಲ್ಲಿ ಎಲ್ಲರಿಗೂ ಸ್ವಲ್ಪ ಹಗುರ. ಹಿಂದಿನ ಜಗುಲಿಯಲ್ಲಿ ಜನರೇಟರ್ ಆರು ಗಂಟೆ ಓಡಿತ್ತು. ಒಂದೇ ಸೂರಿನಡಿಯ ಎಲ್ಲರಿಗೂ ಜ್ವರವಿಲ್ಲದೆ ಒಟ್ಟಿಗೇ ತಲೆನೋವು ಬಂದರೆ, ಹೊರಗೆ ಬಂದಾಗ ಕಡಿಮೆಯಾದರೆ, ಊಟದ ಮೇಲೆ ಗುಮಾನಿಪಡುವ ಮೊದಲು ಇಂಜಿನ್, ಜನರೇಟರ್, ಕೆಂಡದ ಬಾಣಲೆ ಎಲ್ಲಿದೆ ಎಂದು ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಕೊರೊನಾ ಕಾಲದಲ್ಲಿ ಬಹಳ ಮನೆಗಳಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಂದಿದೆ. ಈ ವಿಷದಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತವನ್ನೂ ಅದು ಆಮ್ಲಜನಕ ಹೊತ್ತ ರಕ್ತವೆಂದೇ ಓದುತ್ತದೆ. ಆ ನಾಲ್ವರಿಗೂ ಅದು 98 ತೋರಿಸಿತ್ತು.

ಜನರೇಟರ್ ಅನ್ನು ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಕಿಟಕಿ ಬಾಗಿಲುಗಳಿಗೆ ಹೊಗೆ ತಿರುಗದಂತೆ ಇಟ್ಟು, ನಾಲ್ಕು ಕಡೆ ತೆರೆದ ಒಂದು ತಗಡಿನ ಮಾಡು ಹಾಕಿಸಿ. ಒಳಗೆ ಇಟ್ಟು ಕಿಟಕಿ ತೆರೆದಿಟ್ಟರೆ ಸಾಲದು. ಹೂಮಳೆ ಕೈಕೊಟ್ಟ ವರ್ಷ ಕೆರೆ ಬದಿಯಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್ ಪಂಪು ಓಡಿಸುವಾಗ, ಚಳಿಗೆಂದು ಯಾರೂ ಪಂಪ್ ಮನೆಯೊಳಗೆ ಮಲಗಕೂಡದು. ಬೆಟ್ಟ ನೋಡಲು ಬರುವ ಪ್ರವಾಸಿಗರು ರಾತ್ರಿ ಗಾಡಿಯಲ್ಲೇ ಎಸಿ ಹಾಕಿ ಮಲಗುವುದೂ ಹೆಚ್ಚುತ್ತಿದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಸತ್ತರು. ಎಸಿಗಾಗಿ ಓಡಿಸಿದ್ದ ಜನರೇಟರಿನ ಹೊಗೆ ಒಳಗೆ ನುಗ್ಗಿತ್ತೆಂದು ಕಲ್ಲಿಕೋಟೆಯ ಎನ್‌ಐಟಿ ತಜ್ಞರು ಪರೀಕ್ಷೆ ಮಾಡಿ ಹೇಳಿದರು. ಹೊರಗೆ ಬೇಕಾದಷ್ಟು ಗಾಳಿಯಿತ್ತು.

ನಾನು ಹೆಚ್ಚು ಅಂಜುವುದು ಪಿಕಪ್ ಜೀಪುಗಳಿಗೆ. ಮಳೆಯಲ್ಲಿ ಆಳುಗಳನ್ನು, ಶಾಲೆ ಮಕ್ಕಳನ್ನು ಹಿಂದೆ ಕೂರಿಸಿ ತಾಡಪಾಲು ಇಳಿಬಿಡುತ್ತಾರೆ. ಇನ್ನಿಬ್ಬರು ಬರಲಿ ಎಂದು ಕಾಯುವಾಗ ಇಂಜಿನ್ ಓಡುತ್ತಲೇ ಇರುತ್ತದೆ, ಹೊಗೆ ಕೊಳವೆ ಅವರ ಕಾಲ ಕೆಳಗೇ ಇರುತ್ತದೆ. ಗಾಡಿ ಹೊರಟ ಮೇಲೂ ಹಿಂಭಾಗದ ಸುಳಿಗಾಳಿ ಹೊಗೆಯನ್ನು ಒಳಕ್ಕೇ ಎಳೆಯುತ್ತದೆ. ಹೀಗೆ ಪಿಕಪ್ ಗಾಡಿಯ ಹಿಂದೆ ಕೂತು ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ತುತ್ತಾದ 20 ಮಕ್ಕಳ ವಿವರವನ್ನು 1992ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಅವರಲ್ಲಿ ಒಂದು ಮಗು ಉಳಿಯಲಿಲ್ಲ. ಹಿಂದೆ ಕೂತವರು ತೂಕಡಿಸಿದರೆ ಬೆಳಿಗ್ಗೆ ಬೇಗ ಎದ್ದದ್ದಕ್ಕೆ ಎಂದುಕೊಳ್ಳುವುದು ಸಹಜ, ಅಲ್ಲಿಯೇ ಮೋಸವಿರುವುದು. ಜನ ಹತ್ತುವವರೆಗೆ ಇಂಜಿನ್ ಆಫ್ ಇರಲಿ, ತೂತಾದ ಸೈಲೆನ್ಸರ್ ಬದಲಾಯಿಸಿ.

ಯಾರಾದರೂ ಹೊಗೆ ತುಂಬಿದ ಷೆಡ್ಡಿನಲ್ಲಿ ಬಿದ್ದಿದ್ದರೆ ಒಬ್ಬರೇ ನುಗ್ಗಬೇಡಿ. ಮೊದಲು ಬಾಗಿಲು ಪೂರ್ತಿ ತೆರೆಯಿರಿ, ಇನ್ನೊಬ್ಬರನ್ನು ಕರೆಯಿರಿ, ಉಸಿರು ಹಿಡಿದು ಎಳೆದು ತನ್ನಿ. ಮುಖಕ್ಕೆ ಕಟ್ಟಿದ ಬಟ್ಟೆಯಾಗಲಿ ಮಾಸ್ಕ್ ಆಗಲಿ ಈ ಅನಿಲವನ್ನು ತಡೆಯುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಮಜ್ಜಿಗೆ, ಕಾಫಿ ಏನೂ ಹಾಕಬಾರದು. 108ಕ್ಕೆ ಫೋನ್ ಮಾಡುವಾಗಲೇ ಆಕ್ಸಿಜನ್ ಬೇಕೆಂದು ಹೇಳಿ. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿರುವ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ಬಸುರಿಯರು ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಬರಲೇಬೇಕು, ಏಕೆಂದರೆ ಹೊಟ್ಟೆಯಲ್ಲಿರುವ ಮಗುವಿನ ರಕ್ತ ಈ ವಿಷವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಹೃದ್ರೋಗವಿರುವವರೂ ಅಷ್ಟೇ. ವಾಸಿಯಾದ ಕೆಲವು ವಾರಗಳ ನಂತರ ಮರೆವು, ಮಂಕು, ನಡಿಗೆಯಲ್ಲಿ ವ್ಯತ್ಯಾಸ ಕಂಡರೆ ಮತ್ತೆ ತೋರಿಸಬೇಕು.

ಇನ್ನು ಪತ್ರ ಬರೆದ ತಾಯಿಗೆ. ಜೀಪನ್ನು ಈ ರಾತ್ರಿಯಿಂದಲೇ ಅಂಗಳದ ಆಚೆ ಅಂಚಿನಲ್ಲಿ, ಹಿಂಭಾಗ ತೋಟದ ಕಡೆ ಇರುವಂತೆ ನಿಲ್ಲಿಸಲು ಹೇಳಿ. ಯಜಮಾನರು ಕಾಫಿಯನ್ನು ಮೊದಲು ಕುಡಿದು ಆಮೇಲೆ ಸ್ಟಾರ್ಟ್ ಮಾಡಲಿ. ನಾನು ಹೇಳಿದ ಹುಡುಗನ ಮನೆಯಲ್ಲೂ ಇಷ್ಟೇ ಮಾಡಿದ್ದು. ಅವನ ಉಬ್ಬಸ ಪೂರ್ತಿ ಹೋಗಲಿಲ್ಲ. ಬಚ್ಚಲ ಒಲೆಯ ಹೊಗೆ, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಇವೂ ಕಾರಣವಾಗಿದ್ದವು. ಆದರೆ ಆ ಚಳಿಗಾಲದಲ್ಲಿ ಶಾಲೆ ತಪ್ಪಿಸಿದ್ದು ಎರಡೇ ದಿನ.

ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಕೆಮ್ಮು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು, ಅಂದು ಜೀಪು ಎಲ್ಲಿತ್ತು ಎಂದು ಬರೆದಿಡಿ. ಎಕ್ಸ್‌ರೇಗೆ ಅವಸರವಿಲ್ಲ, ಆಸ್ತಮಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ, ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ಮಾತ್ರ ತಡಮಾಡಬೇಡಿ. ಉಸಿರಾಡುವಾಗ ಪಕ್ಕೆ ಒಳಸೇದುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾರದಷ್ಟು ಏದುಸಿರಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ವೈದ್ಯರು ಇನ್‌ಹೇಲರ್ ಬರೆದರೆ "ಅಭ್ಯಾಸವಾಗಿಬಿಡುತ್ತದೆ" ಎಂದು ಹೆದರಿ ನಿಲ್ಲಿಸಬೇಡಿ. ಅದು ಅಭ್ಯಾಸವಾಗುವ ಮದ್ದಲ್ಲ. ಬರುವಾಗ ಆ ನೋಟ್‌ಬುಕ್ಕನ್ನು ಮರೆಯದೆ ಜೊತೆಗೆ ತನ್ನಿ.